ಅಣಬೆ ಮೇಜಿನ ಎದುರು ಕುರ್ಚಿ

ಅಕ್ಟೋಬರ್ ೧೪, ಮಂಗಳವಾರ
ಮಾರುಕಟ್ಟೆಯ ಮೇಜಿನಿಂದ, ಮಧ್ಯಾಹ್ನ

ಮುದ್ದಿನ ಮೆಣಸಿಗೆ ಮಾವನ ನೆನಪುಗಳು.

ನಾನು ಚೆನ್ನಾಗಿದ್ದೇನೆ, ಮೊಣಕಾಲೊಂದನ್ನು ಬಿಟ್ಟು. ಅದು ನನ್ನದಲ್ಲ, ಯಾರೋ ಮರೆತು ಬಿಟ್ಟುಹೋದದ್ದು ಅಂದುಕೊಂಡು ಹೇಗೋ ಎಳೆದಾಡುತ್ತಿದ್ದೇನೆ. ನೀನು ಹೇಗಿದ್ದೀಯ? ಹೊಸ ಊರಿನ ನೀರು ಒಗ್ಗಿತೇ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲ ಅಂತ ಮುಖ ಊದಿಸಿಕೊಂಡು ಕೂತಿರುತ್ತೀಯ. ಬೈದುಕೋ, ಪರವಾಗಿಲ್ಲ. ನನ್ನ ನೆಪವನ್ನು ಕೇಳಿಸಿಕೊಂಡು ಆಮೇಲೆ ಬೈದುಕೋ.

ಅಣಬೆಯ ಕಾಲ ಹೇಗಿರುತ್ತದೆ ಅಂತ ನಿನಗೆ ಹೇಳಬೇಕೇ? ಮಳೆ ನಿಂತು ಒಂದಿಷ್ಟು ಬಿಸಿಲು ಬಿದ್ದದ್ದೇ ತಡ, ಊರಿಗೆ ಊರೇ ಬುಟ್ಟಿ ಹಿಡಿದು ಕಾಡಿಗೆ ನುಗ್ಗಿತು. ಬೆಳಿಗ್ಗೆ ನಾನು ಅಣಬೆ ಪರೀಕ್ಷಿಸುವ ಮೇಜಿನ ಮೇಲಿನ ಬಟ್ಟೆ ತೆಗೆಯುವಷ್ಟರಲ್ಲಿ ಸಾಲು ಮೀನಿನ ಅಂಗಡಿ ದಾಟಿ ಚಾಕು ಸಾಣೆ ಹಿಡಿಯುವವನವರೆಗೆ ಬೆಳೆದಿರುತ್ತದೆ. ಎಲ್ಲರದೂ ಒಂದೇ ಪ್ರಶ್ನೆ, "ತಾತಾ, ಇದನ್ನ ತಿನ್ಬಹುದಾ?" ಒಬ್ಬಳಂತೂ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು. ಬುಟ್ಟಿ ತುಂಬ ಕೆಂಪು ಬಾಯಿಯ ಬೋಲೀಟು, ವಿಷದ ಅಣಬೆ! ಮಗುವಿನ ಕೈಯಲ್ಲೂ ಒಂದು. ನಾನು ಕಿರುಚಿದ ರಭಸಕ್ಕೆ ಮೀನಿನಕ್ಕ ಕತ್ತಿ ಕೆಳಗೆ ಹಾಕಿ ಓಡಿ ಬಂದಳು. ಮಗು ಹೆದರಿ ಅತ್ತಿತು, ಅದರಮ್ಮ ನನ್ನನ್ನು ಕೆಟ್ಟ ಮುದುಕ ಅಂದಳು. ಅನ್ನಲಿ ಬಿಡು. ಮಗು ಚೆನ್ನಾಗಿದೆ, ಮಾರನೇ ದಿನ ಬಂದು ತೋರಿಸಿಕೊಂಡು ಹೋದಳು.

ಇದೆಲ್ಲ ನೆಪ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಪೆನ್ನು ಹಿಡಿದು ಕೂತೆ. ಪ್ರತಿ ಸಲವೂ 'ಮೆಣಸಿಗೆ' ಅಂತ ಬರೆದು ಅಲ್ಲೇ ನಿಂತುಬಿಟ್ಟೆ.

ನೀನು ಕೇಳಿರುವುದು ಎರಡು ವಿಷಯ. ಒಂದು, ಮುಂದಿನ ತಿಂಗಳು ನಿನಗೂ ಆ ಫಾರೆಸ್ಟ್ ಗಾರ್ಡಿಗೂ ಮದುವೆ, ನೋಂದಣಿ ಕಚೇರಿಯಲ್ಲಿ ನಿನ್ನ ಕಡೆಯಿಂದ ಸಹಿ ಹಾಕಲು ನಾನು ಬರಬೇಕು. ಇನ್ನೊಂದು, ಪೊಟ್ಟಣದಲ್ಲಿ ಕಳಿಸಿರುವ ಒಣಗಿದ ಅಣಬೆಯ ಚೂರುಗಳು ಕಹಿಯೋ ಅಲ್ಲವೋ, ನಾನು ರುಚಿ ನೋಡಿ ಹೇಳಬೇಕು. ಮದುವೆಯ ಸುದ್ದಿಯನ್ನು ಎರಡು ಸಾಲಿನಲ್ಲಿ ಮುಗಿಸಿ ಅಣಬೆಯ ಬಗ್ಗೆ ಎರಡು ಪುಟ ಬರೆದಿದ್ದೀಯ. ನನ್ನ ಕೈಯಲ್ಲಿ ಪಳಗಿದವಳೇ ಸರಿ!

ಮೊದಲು ಮದುವೆಯ ಮಾತು. ಕಾಗದವನ್ನು ಮೀನಿನಕ್ಕನಿಗೆ ಓದಿ ಹೇಳಿದೆ. ಅವಳು ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡು, "ಅಲ್ಲಾ, ಸತ್ತುಹೋದ ಗಂಡನ ಅಪ್ಪನ್ನೇ ಸಾಕ್ಷಿಗೆ ಕರೀತಾಳಲ್ಲ ನಿಮ್ಮ ಸೊಸೆ, ಅವಳಿಗೇನು ತಲೆ ಕೆಟ್ಟಿದ್ಯಾ?" ಅಂದಳು. ನನಗೆ ಸಿಟ್ಟು ಬಂತು. "ಇನ್ಯಾರನ್ನ ಕರೀಬೇಕಿತ್ತು? ಅವಳಿಗೆ ಇರೋದು ನಾನೊಬ್ಬ" ಅಂದೆ. ಅವಳು, "ನಿಮಗೆ ಇರೋದೂ ಅವಳೊಬ್ಬಳೇ ಅಲ್ವಾ" ಅಂದಳು. ಅವಳು ಒಂದು ಲೋಟ ಕಪ್ಪು ಕಾಫಿ ತಂದುಕೊಟ್ಟಳು. ಅವಳ ಕಾಫಿ ಗೊತ್ತಲ್ಲ ನಿನಗೆ, ಸಕ್ಕರೆಯಿಲ್ಲದ ಡಾಂಬರು. ಒಂದೇ ಗುಟುಕಿಗೆ ಕುಡಿದುಬಿಟ್ಟೆ.

"ನಿಮಗೆ ಬೇಜಾರಾಯ್ತಾ ಮಾವ?" ಅಂತ ಕೇಳಿದ್ದೀಯ. ಆಯಿತು ಕಣಮ್ಮ. ಇದರಲ್ಲಿ ನಿನ್ನ ಹತ್ತಿರ ಮುಚ್ಚುಮರೆ ಏನು? ಕಾಗದ ಓದಿದ ದಿನ ಮನೆಗೆ ಹೋದೆ, ಬಾಗಿಲ ಹಿಂದೆ ಮೊಳೆಗೆ ನೇತಾಡುವ ನಮ್ಮವನ ಮಳೆಕೋಟು ಕಂಡಿತು. ಅದರ ಜೇಬಿನಲ್ಲಿ ಇನ್ನೂ ಇನ್ಸುಲೇಷನ್ ಟೇಪಿನ ಸುರುಳಿ ಇದೆ. ಅವನು ಕರೆಂಟಿನ ಕಂಬ ಹತ್ತುವಾಗ ಯಾವಾಗಲೂ ಅಲ್ಲೇ ಇಟ್ಟುಕೊಳ್ಳುತ್ತಿದ್ದದ್ದು. ಕೋಟಿಗೆ ಹೇಳಿದೆ, "ನೋಡಪ್ಪಾ, ನಿನ್ನ ಮೆಣಸಿಗೆ ಮದುವೆಯಂತೆ." ಹೇಳಿದ ಮೇಲೆ ಅಳು ಬಂತು. ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ಹಸಿವಾಯಿತು, ಅನ್ನ ಬೇಯಿಸಿಕೊಂಡು ತಿಂದೆ. ಬೇಜಾರು ಅಂದರೆ ಅಷ್ಟೇ. ನಿನ್ನ ಮೇಲಿನ ಬೇಜಾರಲ್ಲ ಅದು, ತಿಳಿಯಿತೇ? ನಿನಗೆ ಹೆಸರಿಟ್ಟವನೇ ಅವನು. ಮಾತಿಗೆ ಮೊದಲು ಚುರ್ ಅನ್ನುತ್ತೀಯ ಅಂತ ಮೆಣಸು ಅಂದ. ಈಗ ಇನ್ನೊಬ್ಬ ನಿನ್ನನ್ನು ಬೇರೆ ಏನೋ ಕರೆಯುತ್ತಾನಲ್ಲ, ಅದು ನನ್ನ ಕಿವಿಗೆ ಒಗ್ಗಲು ಸ್ವಲ್ಪ ದಿನ ಬೇಕು. ಬರುತ್ತೇನೆ. ಸಹಿ ಹಾಕುತ್ತೇನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬರುತ್ತೇನೆ.

ಒಬ್ಬರು ಬಂದರು, ನಿಲ್ಲಿಸಿದೆ.

ಟೋಪಿ ಪೋಸ್ಟ್‌ಮನ್ ಬಂದಿದ್ದ. ನಿವೃತ್ತನಾಗಿ ಎಷ್ಟು ಕಾಲವಾದರೂ ಇಲಾಖೆಯ ಟೋಪಿ ಬಿಟ್ಟಿಲ್ಲ ಅವನು. ಬುಟ್ಟಿ ತುಂಬ ಎಳೆ ಬೋಲೀಟು. ಹೊರಗಿನಿಂದ ನೋಡಲು ಒಂದಕ್ಕಿಂತ ಒಂದು ಚೆಂದ. ಅರ್ಧದಷ್ಟನ್ನು ಮುಚ್ಚಳದ ಕಸದ ಡಬ್ಬಿಗೆ ಹಾಕಿಬಿಟ್ಟೆ. "ತಾತಾ, ಹೊಟ್ಟೆ ಉರಿಯುತ್ತೆ ಕಣ್ರೀ! ಹೋದ ವರ್ಷ ಇಂಥವನ್ನೇ ರಾಜ ಬೋಲೀಟು ಅಂತ ಪಾಸ್ ಮಾಡಿದ್ರಿ" ಅಂತ ಕೂಗಾಡಿದ. "ಹೋದ ವರ್ಷ ಮೆಣಸು ಇದ್ದಳು" ಅಂದೆ. "ಅವಳು ಇದ್ರೇನು, ನಾಲಿಗೆ ನಿಮ್ಮದೂ ಇದೆಯಲ್ಲ" ಅಂದ. ಅನುಮಾನ ಬಂದದ್ದು ಡಬ್ಬಿಗೆ, ಅದೇ ಮೇಜಿನ ನಿಯಮ ಅಂದೆ. ಗೊಣಗುತ್ತ ಹೋದ.

ಈಗ ನಿನ್ನ ಅಣಬೆ. ಈ ಕಾಗದವನ್ನು ಗಾರ್ಡಿಗೂ ಓದಿ ಹೇಳುತ್ತೀಯ ಅಂತ ಗೊತ್ತು. ಅವನಿನ್ನೂ ಈ ವರ್ಷವಷ್ಟೇ ಅಲ್ಲಿನ ನಿನ್ನ ಅಣಬೆ ಮೇಜಿಗೆ ಕೂತವನು. ಆದ್ದರಿಂದ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ, ನೀನು ಆಕಳಿಸಬೇಡ.

ನೋಡಪ್ಪ ಗಾರ್ಡು, ಅಣಬೆಯ ಟೋಪಿಯನ್ನು ತಿರುಗಿಸಿ ನೋಡಿದಾಗ ಪದರ ಪದರವಾಗಿದ್ದರೆ ಅದು ಬೇರೆ ಸಂಸಾರ, ನಮ್ಮದಲ್ಲ. ಸ್ಪಂಜಿನ ಹಾಗೆ ಬರೀ ತೂತುಗಳಿದ್ದರೆ ಬೋಲೀಟು. ತೂತಿನ ಬಾಯಿ ಕೆಂಪಗಿದ್ದರೆ ಕೈ ತೊಳೆದುಕೊಂಡು ಡಬ್ಬಿಗೆ ಹಾಕು, ವಾದ ಬೇಡ, ನಾಲಿಗೆಗಂತೂ ತಾಗಿಸಲೇಬೇಡ. ಕೆಂಪಿಲ್ಲದಿದ್ದರೆ ಉದ್ದಕ್ಕೆ ಸೀಳಿ ಕಾಯಿ. ಕೆಲವು ಕಣ್ಣೆದುರೇ ನೀಲಿಗೆ ತಿರುಗುತ್ತವೆ. ನೀಲಿಯಾದದ್ದೆಲ್ಲ ವಿಷ ಅಂತ ಜನ ಹೆದರುತ್ತಾರೆ. ಹಾಗೇನಿಲ್ಲ, ನೀಲಿಯವರಲ್ಲಿ ಒಳ್ಳೆಯವರೂ ಇದ್ದಾರೆ, ಆದರೆ ಅವರ ಕಥೆ ಬೇರೆ. ಸೀಳಿದರೂ ಬೆಳ್ಳಗೇ ಉಳಿಯಿತು, ಟೋಪಿ ಕಂದು, ಕಾಲು ದಪ್ಪ ಅಂದರೆ ಕೊನೆಗೆ ಇಬ್ಬರು ಉಳಿಯುತ್ತಾರೆ. ಒಬ್ಬ ರಾಜ. ಬೋಲೀಟುಗಳಲ್ಲಿ ಅವನಷ್ಟು ರುಚಿ ಇನ್ಯಾರಿಗೂ ಇಲ್ಲ. ಇನ್ನೊಬ್ಬ ಕಹಿಯಣ್ಣ. ವಿಷವಲ್ಲ, ಆದರೆ ಒಂದೇ ಒಂದು ಬಿದ್ದರೆ ಇಡೀ ಪಾತ್ರೆ ಹಾಳು. ಬಲಿತಾಗ ಇಬ್ಬರನ್ನೂ ಹೇಳುವುದು ಸುಲಭ. ಕಹಿಯಣ್ಣನ ತೂತುಗಳು ಗುಲಾಬಿಗೆ ತಿರುಗುತ್ತವೆ, ರಾಜನವು ಹಸಿರು ಹಳದಿಗೆ. ಎಳೆಯದರಲ್ಲಿ ಇಬ್ಬರದೂ ಬಿಳಿ. ಆಗ ಕಾಲು ನೋಡಬೇಕು. ರಾಜನ ಕಾಲಿನ ಮೇಲ್ಭಾಗದಲ್ಲಿ ತೆಳ್ಳಗಿನ ಬಿಳಿ ಬಲೆ. ಕಹಿಯಣ್ಣನ ಬಲೆ ಒರಟು, ಕಂದು. ಅದೂ ಸರಿಯಾಗಿ ಮೂಡಿರದಿದ್ದರೆ ಉಳಿಯುವುದು ನಾಲಿಗೆ ಒಂದೇ. ಅಕ್ಕಿ ಕಾಳಿನಷ್ಟು ಕಚ್ಚಿ, ನಾಲಿಗೆಯ ಹಿಂಭಾಗಕ್ಕೆ ತಾಗಿಸಿ, ಉಗಿ. ಕಹಿ ಇದ್ದರೆ ಅದೇ ನಿನಗೆ ಹೇಳುತ್ತದೆ.

ಅದಕ್ಕೇ ಮೇಜಿಗೆ ಇಬ್ಬರು. ಎದುರುಬದುರು ಕೂತು, ಇಬ್ಬರೂ ಒಟ್ಟಿಗೆ ಕಚ್ಚಿ, ಒಟ್ಟಿಗೆ ಹೇಳುವುದು. ಇಬ್ಬರ ಮಾತೂ ಒಂದಾದರೆ ಬುಟ್ಟಿಗೆ, ಇಲ್ಲದಿದ್ದರೆ ಡಬ್ಬಿಗೆ.

ಇಷ್ಟೆಲ್ಲ ಕಲಿಸಿದ ಮೇಲೂ ನೀನು ಏನು ಮಾಡಿದ್ದೀಯ ಮೆಣಸು? ಟೋಪಿಯ ಚೂರುಗಳನ್ನು ಒಣಗಿಸಿ ಕಳಿಸಿದ್ದೀಯ, ಕಾಲನ್ನು ಎಸೆದಿದ್ದೀಯ! ಎಳೆ ಅಣಬೆ, ತೂತುಗಳು ಇನ್ನೂ ಬಿಳಿ, ಬೀಜದ ಪುಡಿ ಹುಟ್ಟಿಯೇ ಇಲ್ಲ. ಭೂತಗನ್ನಡಿ ಹಾಕಿದೆ, ಕಿಟಕಿಯ ಬೆಳಕಿಗೆ ಹಿಡಿದೆ, ನೀರಲ್ಲಿ ನೆನೆಸಿ ಮೂಸಿದೆ. ರಾಜನೂ ಆಗಬಹುದು, ಕಹಿಯಣ್ಣನೂ ಆಗಬಹುದು. ಸೊಸೆ ಅಂತ ಬಿಟ್ಟಿದ್ದೇನೆ, ಬೇರೆ ಯಾರಾದರೂ ಆಗಿದ್ದರೆ ಪೊಟ್ಟಣ ಮುಖಕ್ಕೆ ಎಸೆಯುತ್ತಿದ್ದೆ.

ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ನೀನು ಕಚ್ಚಿ ನೋಡಿದೆ, ಕಹಿ ಅನ್ನಿಸಿತು, ನಲ್ಲಿಯ ಹತ್ತಿರ ಹೋಗಿ ಬಾಯಿ ತೊಳೆಯುತ್ತಿದ್ದೆ. ಅಷ್ಟರಲ್ಲಿ ಗಾರ್ಡು ಮೇಜಿನ ಹತ್ತಿರ ತಾನೊಂದು ಚೂರು ಕಚ್ಚಿ, "ಇಲ್ವಲ್ಲೇ, ಚೆನ್ನಾಗೇ ಇದೆ" ಅಂದ. ನೀನು ಅವನನ್ನು ಮೇಜಿಗೆ ತೆಗೆದುಕೊಳ್ಳುವ ಮೊದಲು, ಇಲ್ಲಿಂದ ಹೊರಡುವಾಗ ನನಗೆ ಮಾಡಿದ ರುಚಿ ಪರೀಕ್ಷೆಯನ್ನೇ ಅವನಿಗೂ ಮಾಡಿದ್ದೆ. "ಅವರು ನಿಮ್ಮ ಹಾಗೇ ಮಾವ, ತಟ್ಟೆ ಕಡೆ ನೋಡ್ಲೇ ಇಲ್ಲ, ಒಂದನ್ನೂ ತಪ್ಪು ಹೇಳ್ಲಿಲ್ಲ. ಅಂಥ ನಾಲಿಗೆ ಕಹಿ ಇಲ್ಲ ಅಂದ ಮೇಲೆ ಕೆಟ್ಟಿರೋದು ನಂದೇ ಅಲ್ವಾ? ನೀವೂ ಕಹಿ ಇಲ್ಲ ಅಂದ್ರೆ ನಾನು ಮೇಜು ಬಿಟ್ಟುಬಿಡ್ತೀನಿ. ಜನ ನಂಬಿ ತಿಂತಾರೆ, ಕೆಟ್ಟ ನಾಲಿಗೆ ಇಟ್ಕೊಂಡು ಕೂರೋದು ತಪ್ಪು." ಹೀಗೆ ಬರೆದಿದ್ದೀಯ. ಮೇಜು ಬಿಟ್ಟು ಏನು ಮಾಡುತ್ತೀಯ ನೀನು? ನಮ್ಮವನು ಹೋದ ಮೇಲೆ ಈ ಮೇಜೇ ತಾನೇ ನಿನ್ನನ್ನು ಎಬ್ಬಿಸಿ ಕೂರಿಸಿದ್ದು? ಮೂಲೆ ಹಿಡಿದು ಕೂತಿದ್ದವಳು ಮೊದಲ ಸಲ ಬಾಯಿ ಬಿಟ್ಟು ಮಾತಾಡಿದ್ದೇ ಇಲ್ಲಿ. "ಥೂ, ಕಹಿ!" ಅಂದೆ. ಆ ಎರಡು ಮಾತು ಕೇಳಿ ನನಗಾದ ಖುಷಿ ಇವತ್ತಿಗೂ ಮರೆತಿಲ್ಲ.

ಉತ್ತರ ಇಷ್ಟೇ. ಇಲ್ಲಿ ರುಚಿ ನೋಡಿದ್ದಾಯಿತು. ಕಹಿ. ಹಾಳು ಕಹಿ. ನಿನ್ನ ನಾಲಿಗೆ ಸರಿಯಾಗಿದೆ, ಮೇಜು ಬಿಡುವ ಮಾತು ಇನ್ನೊಂದು ಸಲ ಬರೆದರೆ ಮದುವೆಗೆ ಬಂದು ನಾಲ್ಕು ಜನರ ಎದುರೇ ಬೈಯುತ್ತೇನೆ.

ಇಲ್ಲಿನ ಸುದ್ದಿ ಇನ್ನೊಂದಿದೆ. ಬೇಕರಿಯವನ ಅಮ್ಮನಿಗೆ ಎಂಬತ್ತು ತುಂಬಿತು. ಮನೆಮಂದಿಯೆಲ್ಲ ಸೇರಿದ್ದರು. ಮುದುಕಿಗೆ ಅಣಬೆಯ ಸಾರು ಅಂದರೆ ಪ್ರಾಣ, ಮೊಮ್ಮಕ್ಕಳು ಕಾಡೆಲ್ಲ ಸುತ್ತಿ ಆರಿಸಿ ತಂದಿದ್ದರು. ಮೇಜಿಗೂ ತಂದು ತೋರಿಸಿದ್ದರು. ಮೊದಲ ಚಮಚ ಬಾಯಿಗಿಟ್ಟ ಮುದುಕಿ, "ನನ್ನನ್ನ ಕಳಿಸೋಕೆ ಇಷ್ಟು ಅವಸರಾನಾ ನಿಮಗೆ?" ಅಂದಳಂತೆ. ಪಾತ್ರೆಗೆ ಪಾತ್ರೆಯೇ ಚೆಲ್ಲಿದರು. ಬೇಕರಿಯವನು ನನ್ನ ಹತ್ತಿರ ಬಂದು ಜಗಳವಾಡಲಿಲ್ಲ. "ಆಗುತ್ತೆ ಬಿಡಿ ತಾತ, ವಯಸ್ಸಾಯ್ತಲ್ಲ" ಅಂದ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಮಾರುಕಟ್ಟೆಯ ಸಾಹೇಬರು ಕರೆಸಿದರು. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿಯೇ ಮಾತಾಡಿದರು. "ನಿಯಮದ ಪ್ರಕಾರ ಇಬ್ಬರು ಇರಬೇಕು. ನಿಮ್ಮ ಸೊಸೆ ಹೋದಾಗ ನೀವೊಬ್ಬರೇ ನಿಭಾಯಿಸ್ತೀನಿ ಅಂದ್ರಿ, ನಿಮ್ಮ ಮೇಲಿನ ಗೌರವಕ್ಕೆ ಒಪ್ಪಿಕೊಂಡ್ವಿ. ಅವರು ವಾಪಸ್ ಬರ್ತಾರೇನು? ಬರೋದಾದ್ರೆ ಜಾಗ ಹಾಗೇ ಇಟ್ಟಿರ್ತೀವಿ" ಅಂದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ನಮ್ಮ ಮೇಜು ಕಾಣುತ್ತಿತ್ತು. ಬಿಳಿ ತಟ್ಟೆ, ಚಾಕು, ನೀರಿನ ಲೋಟ, ಉಗಿಯುವ ಬಕೆಟ್ಟು. ನನ್ನ ಕುರ್ಚಿಯ ಮೇಲೆ ಮೀನಿನಕ್ಕನ ಬೆಕ್ಕು ಮಲಗಿತ್ತು, ನಿನ್ನದು ಖಾಲಿಯಿತ್ತು. ನಾಲಿಗೆ ತುದಿಗೆ ಬಂದಿತ್ತು ಮಾತು, ಬರೆದರೆ ಬರುತ್ತಾಳೆ ಅಂತ. ನೀನು ಬಂದೇ ಬರುತ್ತಿದ್ದೆ, ಅದೇ ನನ್ನ ಭಯ. "ಇಲ್ಲ ಸಾಹೇಬರೇ, ಅವಳಿಗೆ ಅಲ್ಲಿ ಮದುವೆ" ಅಂದೆ. ಈ ಕಾಲ ಮುಗಿಯುತ್ತಲೇ ಮೇಜು ಎತ್ತಿಬಿಡುವುದು ಅಂತ ಮಾತಾಯಿತು. ಮೊಣಕಾಲು ಕೇಳುವುದಿಲ್ಲವಲ್ಲ, ನನಗೂ ಅದೇ ಸರಿ ಅನ್ನಿಸಿತು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಚಾಕುವನ್ನು ನಿನಗೇ ತಂದುಕೊಡುತ್ತೇನೆ. ಹಿಡಿ ಸವೆದು ನಿನ್ನ ಹೆಬ್ಬೆರಳಿಗೂ ನನ್ನ ಹೆಬ್ಬೆರಳಿಗೂ ಬೇರೆ ಬೇರೆ ಗುಳಿ ಬಿದ್ದಿದೆ.

ಇನ್ನು ನಿಲ್ಲಿಸುತ್ತೇನೆ. ಸಾಣೆಯವನು ಅಂಗಡಿ ಕಟ್ಟುತ್ತಿದ್ದಾನೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಇಬ್ಬರೂ ಚೆನ್ನಾಗಿ ಬಾಳಿ. ಜಗಳವಾಡಿ, ಆದರೆ ಮುನಿಸಿಕೊಂಡು ಮಲಗಬೇಡಿ. ಅವನು ಕಾಡಿನಿಂದ ಬರುವುದು ತಡವಾದರೆ ಹೆದರಿಕೊಂಡು ಬಾಗಿಲಲ್ಲೇ ನಿಲ್ಲಬೇಡ, ಅವನು ಕಂಬ ಹತ್ತುವವನಲ್ಲ, ನೆಲದ ಮೇಲೆ ನಡೆಯುವವನು, ಬರುತ್ತಾನೆ. ನಮ್ಮವನಿಗೆ ಸಿಗದ ಆಯುಸ್ಸೂ ನಿನಗೆ ಸೇರಲಿ. ನಿನ್ನ ಮನೆಯಲ್ಲಿ ನಗು ತುಂಬಿರಲಿ, ಮಗಳೇ.

ಎಂದೆಂದಿಗೂ ನಿನ್ನ,
ಮಾವ

ಮ.ವಿ.: ಈ ಹಾಳೆಯನ್ನು ಮೊದಲು ನೀನೊಬ್ಬಳೇ ಓದು. ಆಮೇಲೆ ಅವನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಕಾಗದ ಮಡಿಸಿ ಲಕೋಟೆಗೆ ಹಾಕಿದೆ, ಅಂಟಿಸಲು ಕೈ ಬರಲಿಲ್ಲ. 'ರುಚಿ ನೋಡಿದ್ದಾಯಿತು' ಅಂತ ಬರೆದಿದ್ದೇನಲ್ಲ, ನೋಡಿದ್ದು ನಾನಲ್ಲ. ನಿನ್ನ ಚೂರನ್ನು ಮೀನಿನಕ್ಕನ ಬಾಯಿಗೆ ಇಟ್ಟೆ. ಅವಳು ನನ್ನ ಕಾಲ ಬುಡಕ್ಕೇ ಉಗಿದು, ಏಳು ತಲೆಮಾರು ಜಾಲಾಡಿದಳು. ಅದಕ್ಕೂ ಮೊದಲು ನಾನೂ ಒಂದು ಚೂರು ಕಚ್ಚಿ ನೋಡಿದ್ದೆ. ಏನೂ ಗೊತ್ತಾಗಲಿಲ್ಲ.

ನಮ್ಮವನು ಹೋದ ಮೇಲೆ ನನಗೆ ಬಂದ ಜ್ವರ ನೆನಪಿದೆಯಾ? ಅದು ಇಳಿದಾಗ ಕಹಿಯನ್ನು ಹೊತ್ತುಕೊಂಡು ಹೋಯಿತು. ಉಪ್ಪಿದೆ, ಹುಳಿಯಿದೆ, ಸಿಹಿಯಿದೆ, ಕಹಿಯೊಂದು ಇಲ್ಲ. ಮೀನಿನಕ್ಕನ ಕಾಫಿ ನನಗೆ ಬಿಸಿನೀರು. ಡಾಕ್ಟರು ನರ ಗಿರ ಅಂತ ಏನೋ ಹೇಳಿ, ವಾಪಸ್ ಬಂದರೂ ಬರಬಹುದು ಅಂದರು. ಬರಲಿಲ್ಲ. ಬೇಕರಿಯವನ ಬುಟ್ಟಿ ನೋಡಿದ್ದೂ ನನ್ನ ಈ ಸತ್ತ ನಾಲಿಗೆಯೇ. ಅವತ್ತಿನಿಂದ ಬಲೆ ಮೂಡದ ಎಳೆಯದನ್ನೆಲ್ಲ ಡಬ್ಬಿಗೆ ಹಾಕುತ್ತಿದ್ದೇನೆ. ಮೇಜು ಎತ್ತುತ್ತಿರುವುದು ಇದಕ್ಕೇ. ಮೊಣಕಾಲಿಗಲ್ಲ.

ಹಾಗಾದರೆ ಅಷ್ಟು ಕಾಲ ನಿನ್ನ ಎದುರು ಕೂತು ಒಂದೂ ತಪ್ಪದೆ ಹೇಗೆ ಹೇಳಿದೆ ಅಂತ ಕೇಳುತ್ತೀಯ. ನಿನ್ನ ಮುಖ ನೋಡಿ ಹೇಳಿದೆ ಕಣಮ್ಮ. ನೀನು ನಿನ್ನ ಮುಖ ಕಲ್ಲು ಅಂದುಕೊಂಡಿದ್ದೀಯ. ಕಹಿ ತಾಗಿದ ಕೂಡಲೇ ನಿನ್ನ ಎಡ ಹುಬ್ಬು ಒಂದು ಚೂರು ಮೇಲೆದ್ದು ಇಳಿಯುತ್ತದೆ. ಅದನ್ನು ಮೊದಲು ಕಂಡವನು ನಮ್ಮವನು. ಇಸ್ಪೀಟಿನಲ್ಲಿ ಪ್ರತಿ ಸಲ ಅವನೇ ಗೆದ್ದು, ನೀನು "ಮೋಸ, ಮೋಸ" ಅಂತ ಎಲೆ ಎಸೆದು ಎದ್ದುಹೋಗುತ್ತಿದ್ದೆಯಲ್ಲ? ಆಗ ನನ್ನ ಕಿವಿಯಲ್ಲಿ, "ಅಪ್ಪಾ, ಕೆಟ್ಟ ಎಲೆ ಬಂದ್ರೆ ಇವಳ ಹುಬ್ಬು ಹೇಳಿಬಿಡುತ್ತೆ, ನೋಡ್ತಾ ಇರು" ಅಂದಿದ್ದ. ಅವನು ಕೊಟ್ಟುಹೋದ ಆ ಒಂದು ಗುಟ್ಟು ಹಿಡಿದುಕೊಂಡು ಮೇಜು ನಡೆಸಿದೆ. ಕಚ್ಚಿದ್ದು, ತೀರ್ಪು ಹೇಳಿದ್ದು ಎಲ್ಲ ನಿನ್ನ ನಾಲಿಗೆಯೇ, ಆದ್ದರಿಂದ ಯಾರ ಪಾತ್ರೆಯೂ ಹಾಳಾಗಲಿಲ್ಲ.

ನಿನಗೆ ಆ ಊರಿನ ಮೇಜಿನಿಂದ ಕರೆ ಬಂದಾಗ, "ನಿಮ್ಮ ನಾಲಿಗೆ ಸರಿ ಇದೆ ಅಂತ ಗೊತ್ತಾಗದೆ ನಾನು ಇಲ್ಲಿಂದ ಕದಲಲ್ಲ" ಅಂತ ಹಟ ಹಿಡಿದೆ. ಸಿಪ್ಪೆ ತೆಗೆದ ಚೂರುಗಳನ್ನು ತಟ್ಟೆಯಲ್ಲಿ ಜೋಡಿಸಿ, ಮೇಜಿನ ನಿಯಮ ಬಿಡದೆ ನೀನೂ ನನ್ನ ಜೊತೆ ಒಂದೊಂದನ್ನೇ ಕಚ್ಚಿದೆ. ನಾನು ತಟ್ಟೆಯ ಕಡೆ ನೋಡಲೇ ಇಲ್ಲ. ತಪ್ಪು ಹೇಳಿದರೆ ನೀನು ಉಳಿಯುತ್ತೀಯ, ಸರಿ ಹೇಳಿದರೆ ಹೋಗುತ್ತೀಯ ಅಂತ ಗೊತ್ತಿತ್ತು. ಎರಡನ್ನೂ ಬಯಸಿದೆ, ದೇವರಾಣೆಗೂ. ಕೊನೆಯ ಚೂರಿಗೆ ನಿನ್ನ ಹುಬ್ಬು ಎದ್ದಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಇನ್ನೂ ಚಿಕ್ಕ ವಯಸ್ಸಿನವಳು, ಗಂಡ ಸತ್ತ ಮನೆಯಲ್ಲಿ ಮಾವನ ಬಾಯಿಗೆ ಬದಲಾಗಿ ರುಚಿ ನೋಡಿಕೊಂಡು ಎಷ್ಟು ದಿನ ಕೂರುತ್ತೀಯ? ನಾನು "ಕಹಿ" ಅಂದೆ. ನೀನು ಕುಣಿದೆ, ಗೋಣಿಚೀಲದಲ್ಲಿ ಬಟ್ಟೆ ತುಂಬಿಕೊಂಡೆ, ಹೋದೆ.

ಇದನ್ನು ನಾನು ಸಾಯುವ ತನಕ ಹೇಳುವವನಲ್ಲ. ಆದರೆ ನೀನು ಅದೇ ಪರೀಕ್ಷೆ ಮಾಡಿ ಜನರನ್ನು ಮೇಜಿಗೆ ಕೂರಿಸುತ್ತಿದ್ದೀಯ, ಅದನ್ನೇ ನಂಬಿ ನಿನ್ನ ನಾಲಿಗೆಯನ್ನೇ ಕೆಟ್ಟದ್ದು ಅನ್ನುತ್ತಿದ್ದೀಯ. ಆ ಪರೀಕ್ಷೆ ಸರಿಯಿಲ್ಲ ಮಗಳೇ. ಇನ್ನು ಮೇಲೆ ಪರೀಕ್ಷೆ ಮಾಡುವಾಗ ಬೆನ್ನು ತಿರುಗಿಸಿ ಕೂರು. ನಿನ್ನ ಗಾರ್ಡಿಗೆ ಕಹಿ ತಿಳಿಯುವುದಿಲ್ಲ, ನನ್ನ ಹಾಗೇ. ನೀನು ಎದುರಿಗಿದ್ದಾಗ ಒಂದನ್ನೂ ತಪ್ಪಲಿಲ್ಲ, ನೀನು ನಲ್ಲಿಯ ಹತ್ತಿರ ಹೋದ ಕೂಡಲೇ ತಪ್ಪಿದ. ಬುಟ್ಟಿ ಪಾಸು ಮಾಡಲು ಅವನನ್ನು ಕೂರಿಸಬೇಡ, ಬೇರೆ ಯಾರನ್ನಾದರೂ ಹುಡುಕಿಕೋ. ಮದುವೆಯನ್ನು ಮಾತ್ರ ಮಾಡಿಕೋ. ಅಷ್ಟೂ ಚೂರು ಮುಗಿಯುವ ತನಕ ಆ ಹುಡುಗ ತಟ್ಟೆ ಬಿಟ್ಟು ನಿನ್ನ ಮುಖವನ್ನೇ ನೋಡುತ್ತ ಕೂತಿದ್ದ. ನಮ್ಮವನು ಬಿಟ್ಟರೆ ಆ ಹುಬ್ಬನ್ನು ತಾನಾಗಿಯೇ ಕಂಡುಹಿಡಿದವನು ಅವನೊಬ್ಬನೇ. ನಿನ್ನ ಕಾಗದದಲ್ಲಿ ಅದನ್ನು ಓದಿದ ದಿನವೇ ನನಗೆ ಧೈರ್ಯ ಬಂದದ್ದು. ಅತ್ತದ್ದೂ ಅದಕ್ಕೇ.

ಇಲ್ಲಿ ಈಗ ಯಾವ ಅಣಬೆ ಕಚ್ಚಿದರೂ ಒಂದೇ. ತಲೆ ಎತ್ತಿ ಎದುರಿಗೆ ನೋಡುತ್ತೇನೆ, ಕುರ್ಚಿ ಇದೆ, ಅಷ್ಟೇ.

ಮದುವೆಯ ದಿನ ಊಟಕ್ಕೆ ಕೂರುವಾಗ ನಿನ್ನ ಎದುರಿಗೆ ಅವನನ್ನೇ ಕೂರಿಸು, ಅದು ಅವನ ಜಾಗ. ನಾನು ಅವನ ಪಕ್ಕದಲ್ಲಿ ಕೂರುತ್ತೇನೆ. ಅಲ್ಲಿಂದಲೂ ನಿನ್ನ ಮುಖ ಕಾಣುತ್ತದೆ.